ಮಂಗಳವಾರದ ನಾಟಕ

ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರು ಜೆ.ಪಿ. ನಗರ ಎರಡನೇ ಹಂತದ ರಂಗಶಂಕರ. ಇವತ್ತೊಂದು ದಿನದ ಮಟ್ಟಿಗೆ ಈ ರಂಗಮಂದಿರದ ಉಸ್ತುವಾರಿ ನಿಮ್ಮದು ಎಂದಿಟ್ಟುಕೊಳ್ಳಿ. ಬೀಗದ ಕೈಗೊಂಚಲು ನಿಮ್ಮ ಕೈಯಲ್ಲಿದೆ. ಸಂಜೆ ಏಳೂವರೆಗೆ ನಾಟಕ ಶುರುವಾಗಬೇಕು. ಏಳು ಮೂವತ್ತೆರಡಕ್ಕಲ್ಲ.

ಸೋಮವಾರ ಇಲ್ಲಿ ನಾಟಕ ಇರುವುದಿಲ್ಲ. ಅದನ್ನು ರಜೆ ಎನ್ನುವವರು ಹೊರಗಿನವರು. ವಾರವಿಡೀ ಕೂತೆದ್ದ ಕುರ್ಚಿಗಳ ಸಡಿಲವಾದ ಬೋಲ್ಟು, ಹತ್ತಿಸಿದರೆ ಗುಂಯ್ಗುಡುವ ದೀಪ, ಗ್ರೀನ್ ರೂಮಿನ ತೊಟ್ಟಿಕ್ಕುವ ನಲ್ಲಿ, ಇವಕ್ಕೆಲ್ಲ ಸಿಗುವುದು ಆ ಒಂದೇ ದಿನ. ಹಾಗಾಗಿ ಮಂಗಳವಾರ ಬೆಳಿಗ್ಗೆ ನಿಮ್ಮ ಮೊದಲ ಕೆಲಸ ನಿನ್ನೆಯ ರಿಪೇರಿ ನಿಜಕ್ಕೂ ಆಗಿದೆಯೇ ಎಂದು ನೋಡುವುದು. ಕೊನೆಯ ಸಾಲಿಗೆ ಹತ್ತಿ ಕೂರಿ. ಕಸ ಗುಡಿಸುತ್ತಿರುವ ಹುಡುಗನಿಗೆ ರಂಗದ ಮೇಲೆ ನಿಂತು ಏನಾದರೂ ಮಾತಾಡಲು ಹೇಳಿ. ಅವನು ನಾಚಿಕೊಂಡು, "ಏನ್ ಹೇಳ್ಲಿ ಸಾರ್?" ಅನ್ನುತ್ತಾನೆ. ಅಷ್ಟು ಸಾಕು. ಆ ಮೂರು ಪದ ಅಷ್ಟು ಎತ್ತರಕ್ಕೆ ಸಲೀಸಾಗಿ ಬಂದವಲ್ಲ, ಮೈಕಿಲ್ಲದೆ. ಈ ಕಟ್ಟಡ ನಿಂತಿರುವುದೇ ಅದಕ್ಕಾಗಿ. ಆದರೆ ಎಸಿ ಹಾಕಿಸಿ ಇನ್ನೊಮ್ಮೆ ಕೇಳಿ. ಯಂತ್ರದ ಮೊರೆತ ನಿನ್ನೆಗಿಂತ ಒಂದು ಎಳೆ ಹೆಚ್ಚಿದ್ದರೂ ನಟರು ಪಿಸುಮಾತಿನಲ್ಲಿ ಆಡುವ ದೃಶ್ಯವೊಂದು ಸತ್ತಂತೆ. ಮೆಕ್ಯಾನಿಕ್ಕಿಗೆ ಫೋನು ಹೋಗುತ್ತದೆ. ಮಂದಿ ಬರುವ ಮೊದಲೇ ಒಳಗನ್ನು ತಣ್ಣಗೆ ಮಾಡಿ, ನಾಟಕ ಶುರುವಾಗುತ್ತಲೇ ಯಂತ್ರವನ್ನು ಇಳಿಸುವುದೆಂದು ತೀರ್ಮಾನವಾಗುತ್ತದೆ.

ಹತ್ತು ಗಂಟೆಗೆ ಧಾರವಾಡ ಕಡೆಯ ತಂಡದ ಟೆಂಪೋ ಬಂತು. ಇಡೀ ರಾತ್ರಿ ಪ್ರಯಾಣ ಮಾಡಿದ ಇಪ್ಪತ್ತು ಜನ. ಹಗಲು ಹೊತ್ತು ಇವರಲ್ಲಿ ಒಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ಮೊಬೈಲ್ ಅಂಗಡಿಯವನು. ಟೆಂಪೋ ಹಿಂಬಾಗಿಲು ತೆಗೆದರೆ ನಟರು ಹತ್ತಿ ನಿಲ್ಲುವ ಪ್ಲೈವುಡ್ಡಿನ ಲೆವೆಲ್‌ಗಳು, ಟ್ರಂಕು, ಒಂದು ದೊಡ್ಡ ಬಾಗಿಲ ಚೌಕಟ್ಟು, ಅದರ ಸಂದಿಯಲ್ಲಿ ಹಾರ್ಮೋನಿಯಂ.

"ಚಾ ಎಲ್ಲಿ ಸಿಗ್ತದ್ರಿ ಸರ?"

ಮೊದಲು ಅದನ್ನು ತೋರಿಸಿ. ಸ್ನಾನಕ್ಕೆ ನೀರು, ಮಲಗಲು ಜಾಗ, ತಿಂಡಿ ಎಲ್ಲಿ ಎಂಬುದನ್ನು ಹೇಳದೆ ನಿಯಮಗಳ ಪಟ್ಟಿ ಓದುವ ರಂಗಮಂದಿರಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಸಿದ ಬ್ಯಾಕ್‌ಸ್ಟೇಜ್ ಹುಡುಗ ಮಧ್ಯಾಹ್ನದ ಹೊತ್ತಿಗೆ ಏಣಿಯ ಮೇಲೆ ತಪ್ಪು ಮಾಡುತ್ತಾನೆ.

ಚಹಾ ಆದ ಮೇಲೆ ಸೆಟ್ಟು ಒಳಗೆ ಬರುತ್ತದೆ. ತೊಡಕು ಶುರುವಾಗುವುದು ಇಲ್ಲಿ. ತಂಡ ಈ ನಾಟಕವನ್ನು ತಮ್ಮೂರಿನ ಕಲಾಭವನದಲ್ಲಿ ಕಟ್ಟಿದ್ದು. ಅಲ್ಲಿ ರಂಗವೆಂದರೆ ಪರದೆಯ ಚೌಕಟ್ಟು, ನೋಡುವವರೆಲ್ಲ ಎದುರಿಗೆ. ರಂಗಶಂಕರದ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಸುಮಾರು 320 ಕುರ್ಚಿಗಳು ಮೂರು ಕಡೆಯಿಂದ ಅದನ್ನು ಬಳಸಿ ಮೇಲೇರುತ್ತವೆ. ಎದುರಿನವರಿಗೆ ಅರಮನೆಯಾಗಿ ಕಾಣುವ ಬಾಗಿಲು ಬದಿಯಲ್ಲಿ ಕೂತವರಿಗೆ ಬರೀ ಹಲಗೆ.

ಇದನ್ನು ನೀವು ನಿರ್ದೇಶಕರಿಗೆ ಹೇಳಬಾರದು. ಹೇಳಿದರೆ ವಾದವಾಗುತ್ತದೆ, ಅವರ ತಂಡದೆದುರು ಅವರಿಗೆ ಮುಜುಗರವೂ ಆಗುತ್ತದೆ. "ಮೇಷ್ಟ್ರೇ, ಒಂದ್ನಿಮಿಷ ಇಲ್ಲಿ ಬಂದು ಕೂತ್ಕೊಳ್ಳಿ" ಎಂದು ಎಡಬದಿಯ ಮೂಲೆ ಕುರ್ಚಿ ತೋರಿಸಿ ಸುಮ್ಮನಿರಿ. ಅವರು ಕೂರುತ್ತಾರೆ. ಹುಡುಗಿ ಬಾಗಿಲಿನಿಂದ ಬರುತ್ತಾಳೆ. ಅವರಿಗೆ ಕಾಣುವುದು ಪ್ಲೈವುಡ್ಡಿನ ಬೆನ್ನು, ಅದಕ್ಕೆ ಹೊಡೆದ ಅಡ್ಡಪಟ್ಟಿ, ಅದರ ಮೇಲೆ ಯಾವುದೋ ಹಳೆಯ ನಾಟಕದ ಸುಣ್ಣದ ಗುರುತು. ಮತ್ತೊಮ್ಮೆ ಬರಲು ಹೇಳುತ್ತಾರೆ. ಮತ್ತೆ ಅದೇ ಬೆನ್ನು.

"ಇಲ್ಲೇನೂ ಕಾಣಂಗಿಲ್ಲಲ್ರಿ."

"ಹೌದು ಮೇಷ್ಟ್ರೇ."

ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಳ್ಳುತ್ತಾರೆ. ಆಮೇಲೆ ಎದ್ದು ರಂಗಕ್ಕಿಳಿದು ಬಾಗಿಲನ್ನು ಹಿಂದಿನ ಗೋಡೆಗೆ ಒರಗಿಸಲು ಹೇಳಿ, ಎರಡು ಲೆವೆಲ್‌ಗಳನ್ನು ಓರೆಯಾಗಿಸಿ, ಮೊದಲ ದೃಶ್ಯದ ನಡೆಯನ್ನೇ ಬದಲಿಸುತ್ತಾರೆ. ಯಾರೂ ಯಾರಿಗೂ ಪಾಠ ಹೇಳಲಿಲ್ಲ. ರಂಗಮಂದಿರ ನಡೆಸುವವರಿಗೆ ನಾಟಕ ಗೊತ್ತಿರಬೇಕು, ಆದರೆ ಅದು ತಮ್ಮ ನಾಟಕವಲ್ಲ ಎಂಬುದೂ ಗೊತ್ತಿರಬೇಕು. ಎರಡನೆಯದು ಗೊತ್ತಿರುವವರು ಕಡಿಮೆ.

ಅಷ್ಟರಲ್ಲಿ ಒಬ್ಬ ಸುತ್ತಿಗೆ ಹಿಡಿದು ಬಂದಿದ್ದಾನೆ. ರಂಗದ ನೆಲಕ್ಕೆ ಮೊಳೆ ಹೊಡೆಯುವಂತಿಲ್ಲ ಎಂದು ಅವನ ಕೈಗೆ ಮರಳಿನ ಚೀಲ ಕೊಡಿ. ನಾಳೆ ಈ ನೆಲದ ಮೇಲೆ ಬೇರೊಂದು ತಂಡದವರು ಬರಿಗಾಲಲ್ಲಿ ಕುಣಿಯುವವರಿದ್ದಾರೆ.

ಹನ್ನೆರಡಕ್ಕೆ ದೀಪ ಕಟ್ಟುವ ಕೆಲಸ. ಒಬ್ಬ ಏಣಿಯ ತುದಿಯಲ್ಲಿ, ಇಬ್ಬರು ಬುಡದಲ್ಲಿ. ದೀಪ ವಿನ್ಯಾಸ ಮಾಡಿದವರು ರಂಗದ ಮಧ್ಯೆ ನಿಂತು ತಮ್ಮ ಮುಖದ ಮೇಲೇ ಬೆಳಕು ಬೀಳಿಸಿಕೊಳ್ಳುತ್ತ, "ಇನ್ನೂ ಸ್ವಲ್ಪ ಕೆಳಗ... ಸಾಕ್ ಸಾಕ್, ಬಿಗಿ ಮಾಡು" ಅನ್ನುತ್ತಿದ್ದಾರೆ. ಇದು ಎರಡು ಮೂರು ತಾಸಿನ ಕೆಲಸ. ಈಗ ನಿಮಗಿಲ್ಲಿ ಕೆಲಸವಿಲ್ಲ. ಆಫೀಸಿಗೆ ಹೋಗಿ.

ಮೇಜಿನ ಮೇಲೆ ಕ್ಯಾಲೆಂಡರ್ ಇದೆ. ವರ್ಷದಲ್ಲಿ 52 ಸೋಮವಾರ ಕಳೆದರೆ 313 ಸಂಜೆಗಳು. ಪ್ರತಿ ಸಂಜೆಗೂ ಒಂದು ನಾಟಕ ಬೇಕು. ಇದು ಈ ಕಟ್ಟಡ ಹುಟ್ಟುವ ಮೊದಲೇ ಹುಟ್ಟಿದ ಹಟ. ನಟ, ನಿರ್ದೇಶಕ ಶಂಕರ್‌ನಾಗ್ ಮತ್ತು ಅವರ ಪತ್ನಿ ಅರುಂಧತಿ ಇಬ್ಬರೂ ಮುಂಬೈ ರಂಗಭೂಮಿಯಲ್ಲಿ ಬೆಳೆದವರು. ಶಶಿ ಕಪೂರ್ ಮತ್ತು ಜೆನಿಫರ್ ಕೆಂಡಲ್ 1978ರಲ್ಲಿ ಜುಹುವಿನಲ್ಲಿ ಕಟ್ಟಿದ ಪೃಥ್ವಿ ಥಿಯೇಟರ್ ಅವರ ಕಣ್ಣೆದುರಿಗಿತ್ತು. ಅಂಥದ್ದೊಂದು ಬೆಂಗಳೂರಿಗೆ ಬೇಕೆಂಬುದು ಶಂಕರ್ ಆಸೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಇನ್ನೂ 36 ತುಂಬಿರಲಿಲ್ಲ. ಅದೇ ಕಾರಿನಲ್ಲಿದ್ದು ಗಾಯಗೊಂಡ ಅರುಂಧತಿ ನಾಗ್ ಚೇತರಿಸಿಕೊಂಡು, ಸಂಕೇತ್ ಟ್ರಸ್ಟ್ ಮೂಲಕ ಹಣ ಕೂಡಿಸಿ, ವರ್ಷಾನುಗಟ್ಟಲೆ ಬಾಗಿಲು ತಟ್ಟಿ ಈ ಕಟ್ಟಡವನ್ನು ನಿಲ್ಲಿಸಿದರು. ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ. ಮೊದಲ ದೀಪ ಹತ್ತಿದ್ದು 2004ರ ಅಕ್ಟೋಬರ್ 28ರಂದು.

ಕಟ್ಟುವ ಕಷ್ಟದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಕುತೂಹಲ ಇರುವುದು ಕಟ್ಟಿದ ಮರುದಿನದ ಬಗ್ಗೆ. ನಿಮ್ಮೆದುರಿನ ಕಡತ ನೋಡಿ. ಅದರಲ್ಲಿ ತಂಡಗಳ ಅರ್ಜಿಗಳಿವೆ. ಎಲ್ಲರಿಗೂ ಬೇಕಾದದ್ದು ಶನಿವಾರ, ಭಾನುವಾರ. ಹೆಸರು ಮಾಡಿದ ತಂಡಕ್ಕೆ ಭಾನುವಾರ ಕೊಟ್ಟರೆ ಹೌಸ್‌ಫುಲ್ ಆಗುತ್ತದೆ. ಆದರೆ ಆ ತಂಡಕ್ಕೆ ಬುಧವಾರವೂ ಮಂದಿ ಬರುತ್ತಾರೆ. ಯಾರೂ ಕೇಳರಿಯದ ಹೊಸ ತಂಡಕ್ಕೆ ಬುಧವಾರ ಕೊಟ್ಟರೆ ನಲವತ್ತು ಜನರ ಮುಂದೆ ಆಡಿ, ಸಾಲ ಹೊತ್ತುಕೊಂಡು ಹೋಗುತ್ತದೆ, ಇನ್ನೊಂದು ನಾಟಕ ಮಾಡುವುದಿಲ್ಲ. ಹೊಸಬರಿಗೆ ಯಾವಾಗಲೂ ವಾರದ ನಡುವಿನ ದಿನವನ್ನೇ ತಳ್ಳುವುದು ಸುಲಭ. ಬಹಳ ಕಡೆ ನಡೆಯುವುದೂ ಅದೇ. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆಗಾಗ ಒಂದು ಭಾನುವಾರವನ್ನು ಹೊಸಬರ ಮೇಲೆ ಪಣವೊಡ್ಡದ ರಂಗಮಂದಿರಕ್ಕೆ ಹತ್ತು ವರ್ಷದ ನಂತರ ಕರೆಯಲು ತಂಡಗಳೇ ಉಳಿಯುವುದಿಲ್ಲ.

ಕ್ಯಾಲೆಂಡರಿನ ಪಕ್ಕದಲ್ಲೇ ಲೆಕ್ಕದ ಪುಸ್ತಕ. ಇವತ್ತಿನ ಟಿಕೆಟ್ 200 ರೂಪಾಯಿ ಎಂದುಕೊಳ್ಳಿ. 320 ಕುರ್ಚಿಯೂ ತುಂಬಿದರೆ 64,000. ಮಂಗಳವಾರ ಅರ್ಧ ತುಂಬಿದರೆ ಪುಣ್ಯ, 32,000. ಅದರಲ್ಲಿ ಇಪ್ಪತ್ತು ಜನರ ಊಟ ವಸತಿ, ಟೆಂಪೋ ಬಾಡಿಗೆ, ಡೀಸೆಲ್ಲು, ಮೇಕಪ್ಪಿನವರು, ಬಟ್ಟೆಯ ಇಸ್ತ್ರಿ, ನಾಟಕಕಾರರ ಗೌರವಧನ, ಪೋಸ್ಟರು. ನಟರಿಗೆ ಸಂಭಾವನೆ ಎಂಬ ಮಾತನ್ನು ಯಾರೂ ಎತ್ತುವುದೇ ಇಲ್ಲ. ಇಷ್ಟರ ಮೇಲೆ ನೀವು ರಂಗಮಂದಿರದ ಬಾಡಿಗೆಯೆಂದು ಒಂದು ದೊಡ್ಡ ಮೊತ್ತ ಕೇಳಿದರೆ ಏನಾಗುತ್ತದೆ? ತಂಡ ಬರದೇ ಇರುವುದಿಲ್ಲ. ಬರುತ್ತದೆ, ಆದರೆ ಮುಂದಿನ ಸಲ ಇಪ್ಪತ್ತು ಪಾತ್ರದ ನಾಟಕ ಬಿಟ್ಟು ಮೂರು ಪಾತ್ರದ್ದನ್ನು ತರುತ್ತದೆ. ಅದರ ಮುಂದಿನ ಸಲ ನಗಿಸುವುದು ಗ್ಯಾರಂಟಿ ಇರುವಂಥದ್ದನ್ನು. ಬಾಡಿಗೆಯ ಪಟ್ಟಿ ಬರೆಯುವ ಗುಮಾಸ್ತನೇ ಊರಿನ ನಾಟಕಗಳನ್ನು ಆರಿಸುತ್ತಾನೆ. ಇದು ಯಾವ ವಿಮರ್ಶಕನೂ ಬರೆಯದ ರಂಗಚರಿತ್ರೆ.

ಆದ್ದರಿಂದಲೇ ರಂಗಶಂಕರ ಬಾಡಿಗೆಯನ್ನು ತಂಡಗಳ ಕೈಗೆಟಕುವಂತೆ ಇಟ್ಟುಕೊಂಡು ಬಂದಿದೆ. ಹಾಗೆ ಮಾಡಿದಾಗ ಕರೆಂಟು ಬಿಲ್ಲು, ಕಾವಲಿನವರ ಸಂಬಳ, ಎಸಿಯ ರಿಪೇರಿ ಬಾಡಿಗೆಯಿಂದ ಹುಟ್ಟುವುದಿಲ್ಲ. ಆ ಕೊರತೆಯನ್ನು ದಾನಿಗಳಿಂದ, ಕಂಪನಿಗಳಿಂದ ತುಂಬಬೇಕು. ಮಧ್ಯಾಹ್ನ ಎರಡಕ್ಕೆ ನಿಮಗೆ ಅಂಥದ್ದೇ ಒಂದು ಕಂಪನಿಯವರ ಜೊತೆ ಮಾತುಕತೆ ಇದೆ. ಅವರು ಸಜ್ಜನರೇ. ಆಸ್ಪತ್ರೆಗೆ ಕೊಟ್ಟರೆ ಇಷ್ಟು ರೋಗಿಗಳು, ಶಾಲೆಗೆ ಕೊಟ್ಟರೆ ಇಷ್ಟು ಮಕ್ಕಳು ಎಂದು ಲೆಕ್ಕ ಸಿಗುತ್ತದೆ, ನಾಟಕಕ್ಕೆ ಕೊಟ್ಟರೆ ಏನು ತೋರಿಸುತ್ತೀರಿ ಎಂದು ಕೇಳುತ್ತಾರೆ. ಭಾಷಣ ಬೇಡ. ಕೆಳಗೆ ಕರೆದುಕೊಂಡು ಹೋಗಿ ಏಣಿಯ ಮೇಲಿರುವ ಹುಡುಗನನ್ನು ತೋರಿಸಿ, ಸಂಜೆ ಇರುವಂತೆ ಹೇಳಿ. ಇದ್ದರೆ ಅರ್ಧ ಕೆಲಸ ಆದಂತೆ.

ನಡುವೆ ಒಂದು ಫೋನು. ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಹಾಲ್ ಬೇಕಂತೆ, ಎಷ್ಟು ಕೇಳಿದರೂ ಕೊಡುತ್ತಾರಂತೆ. ಸನ್ಮಾನ, ಭಾಷಣ, ಕೊನೆಯಲ್ಲಿ ಮಕ್ಕಳ ನೃತ್ಯ. ಆ ದುಡ್ಡಿನಲ್ಲಿ ಒಂದು ತಿಂಗಳ ಕರೆಂಟು ಬಿಲ್ಲು ಕಟ್ಟಬಹುದು. ಆದರೆ ಈ ಮನೆ ನಾಟಕಕ್ಕೆ ಮಾತ್ರ. ನಮ್ಮ ರವೀಂದ್ರ ಕಲಾಕ್ಷೇತ್ರ 1963ರಿಂದ ಸಾವಿರಾರು ನಾಟಕಗಳಿಗೆ ಆಸರೆಯಾಗಿದೆ, ಅದರ ಋಣ ಕನ್ನಡ ರಂಗಭೂಮಿಯ ಮೇಲೆ ದೊಡ್ಡದು. ಆದರೆ ಅದು ಸರ್ಕಾರದ ಸಭಾಂಗಣವೂ ಹೌದು. ಅಲ್ಲಿ ನಾಟಕ ಸಭೆ ಸಮಾರಂಭಗಳ ನಡುವೆ ದಿನ ಹುಡುಕಿಕೊಳ್ಳಬೇಕು. ಇಲ್ಲಿ ಹಾಗಾಗಬಾರದು. "ಕ್ಷಮಿಸಿ, ಆಗೋದಿಲ್ಲ" ಎಂದು ಫೋನಿಡಿ. ಈ ಕುರ್ಚಿಯಲ್ಲಿ ಕೂತವರು ದಿನಕ್ಕೆ ಹೆಚ್ಚು ಸಲ ಆಡುವ ಮಾತು ಅದೇ.

ನಾಲ್ಕಕ್ಕೆ ರನ್‌ಥ್ರೂ. ನಾಟಕದಲ್ಲಿ ಒಂದು ಕಡೆ ಪಂಜು ಹಿಡಿದು ಬರುವ ದೃಶ್ಯವಿದೆ. ಊರಲ್ಲಿ ಬಯಲಲ್ಲಿ ಆಡುವಾಗ ಸೀಮೆಎಣ್ಣೆಯ ನಿಜವಾದ ಪಂಜೇ ಇತ್ತಂತೆ, ಮಂದಿ ಶಿಳ್ಳೆ ಹೊಡೆದಿದ್ದರಂತೆ.

"ಒಂದ್ ನಿಮಿಷದ್ದು ಅಷ್ಟ ರೀ ಸರ."

ಒಂದು ಕ್ಷಣದ್ದಾದರೂ ಆಗದು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹೊತ್ತಿದ್ದು ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಲ್ಲಿ. ಮೇಲೆ ಕೂತವರನ್ನು ಕೊಂದದ್ದು ಹೊಗೆ, ಜೊತೆಗೆ ಹಾದಿಗೆ ಅಡ್ಡವಾಗಿ ಹಾಕಿದ್ದ ಹೆಚ್ಚುವರಿ ಕುರ್ಚಿಗಳು. ಹಾಗಾಗಿ ಭಾನುವಾರ ಹೌಸ್‌ಫುಲ್ ಆದಾಗ, "ಮೆಟ್ಟಿಲ ಮೇಲೆ ಕೂತ್ಕೋತೀವಿ ಬಿಡ್ರೀ" ಎಂದು ಅಂಗಲಾಚುವ ನಾಟಕಪ್ರೇಮಿಗಳಿಗೂ ಇದೇ ಉತ್ತರ. ಪ್ರೀತಿಯಿಂದ ಕೇಳುತ್ತಾರೆ, ನಿಮಗೂ ಬಿಡಬೇಕೆನಿಸುತ್ತದೆ, ಬಿಡಬಾರದು. ಪಂಜಿನ ಬದಲು ಬ್ಯಾಟರಿ ದೀಪಕ್ಕೆ ಕೇಸರಿ ಜೆಲ್ ಕಟ್ಟಿ ಹುಡುಗನ ಕೈಗಿಟ್ಟರು. ಸುಮಾರಾಗಿದೆ. ಶಿಳ್ಳೆ ಬೀಳಲಿಕ್ಕಿಲ್ಲ.

ಆರೂವರೆ. ಕೆಳಗೆ ಕೆಫೆಯಲ್ಲಿ ಸಬ್ಬಕ್ಕಿ ವಡೆ ಕರಿಯುವ ವಾಸನೆ. ಕೆಲವರು ಬರುವುದೇ ಅದಕ್ಕೆ, ಬಂದವರು ಪೋಸ್ಟರ್ ನೋಡಿ ಟಿಕೆಟ್ ಕೊಳ್ಳುವುದೂ ಉಂಟು. ಕೌಂಟರಿನಲ್ಲಿ ಧಾರವಾಡದ ಮಾತು ಕೇಳಿಸತೊಡಗಿದೆ. ಬೆಂಗಳೂರಿಗೆ ಬಂದು ನೆಲೆಸಿದ ಆ ಕಡೆಯವರು ತಮ್ಮೂರ ನಾಟಕಕ್ಕೆ ಮನೆಮಂದಿಯೊಂದಿಗೆ ಬಂದಿದ್ದಾರೆ. ಕುರ್ಚಿಗೆ ನಂಬರಿಲ್ಲ, ಮೊದಲು ಬಂದವರಿಗೆ ಬೇಕಾದ ಜಾಗ. ಮೆಟ್ಟಿಲುದ್ದಕ್ಕೂ ಸಾಲು. ಗಣ್ಯರಿಗೆಂದು ಮುಂದಿನ ಸೋಫಾ ಇಲ್ಲದ ರಂಗಮಂದಿರ ಎಷ್ಟು ದೊಡ್ಡ ನೆಮ್ಮದಿ ಎಂಬುದು ಸರ್ಕಾರಿ ಸಮಾರಂಭಗಳಿಗೆ ಹೋಗಿ ಬಂದವರಿಗೆ ಗೊತ್ತು.

ಏಳೂವರೆ. ಕೊನೆಯ ಬೆಲ್ ಆಯಿತು. ಬಾಗಿಲು ಮುಚ್ಚಿತು.

ಏಳು ಮೂವತ್ತೈದಕ್ಕೆ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡ ಯುವಕನೊಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಟಿಕೆಟ್ ಇದೆ. ಬಾಗಿಲಿನವನು ಅಡ್ಡ ನಿಂತ.

"ವೈಟ್‌ಫೀಲ್ಡಿಂದ ಬರಾಕತ್ತೇನ್ರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ್ಯಾಗ ಸಿಕ್ಕೊಂಡೆ. ಐದ ನಿಮಿಷ ಆಗೇದ ಅಷ್ಟ."

"ಬಾಗ್ಲು ಹಾಕಾಯ್ತು ಸಾರ್."

"ನಮ್ಮ ತಂಗಿ ಪಾರ್ಟ್ ಮಾಡಾಕತ್ತಾಳ್ರೀ ಒಳಗ!"

ಬಾಗಿಲಿನವನು ನಿಮ್ಮ ಮುಖ ನೋಡುತ್ತಾನೆ. ಬೆಳಿಗ್ಗೆ ಬಾಗಿಲ ಚೌಕಟ್ಟಿನಿಂದ ಮತ್ತೆ ಮತ್ತೆ ಬಂದ ಹುಡುಗಿಯೇ ಈ ತಂಗಿ. ಅವಳು ಈಗ ಕತ್ತಲಲ್ಲಿ ನಿಂತು ತನ್ನ ಪ್ರವೇಶಕ್ಕೆ ಕಾಯುತ್ತಿದ್ದಾಳೆ. ಬಾಗಿಲು ಒಂದು ಗೇಣು ತೆರೆದರೂ ಹೊರಗಿನ ಟ್ಯೂಬ್‌ಲೈಟಿನ ಬೆಳಕು ಮೆಟ್ಟಿಲ ಮೇಲೆ ಬೀಳುತ್ತದೆ, ಕುರ್ಚಿ ಹುಡುಕುವವನ ಕಾಲಿಗೆ ಹತ್ತು ಜನರ ಮೊಣಕಾಲು ತಾಗುತ್ತದೆ. ಹೊತ್ತಿಗೆ ಸರಿಯಾಗಿ ಬಂದು ಕೂತವರಿಗೆ ಮಾಡುವ ಅವಮಾನ ಅದು. ಹಿಂದೆ ಕಂಪನಿ ನಾಟಕದ ಕಾಲದಲ್ಲಿ ಪರದೆಯ ಸಂದಿಯಿಂದ ಇಣುಕಿ, ಗೇಟಿನ ಕಲೆಕ್ಷನ್ ಕೇಳಿ, ಇನ್ನಷ್ಟು ಮಂದಿ ಬರಲಿ ಎಂದು ನಾಂದಿ ಪದ್ಯ ಎಳೆಯುತ್ತಿದ್ದರು. ಆ ಮಾಲೀಕರ ಹೊಟ್ಟೆಪಾಡು ಗೇಟಿನ ಮೇಲಿತ್ತು, ಅವರನ್ನು ದೂರುವಂತಿಲ್ಲ. ಆದರೆ ಅದೇ ರೂಢಿ ನಮ್ಮ ನಗರಗಳ ಸಭಾಂಗಣಗಳಲ್ಲಿ ಉಳಿದುಬಿಟ್ಟು, ಆರೂವರೆ ಎಂದರೆ ಏಳೂಕಾಲು ಎಂದಾಗಿದೆ. ಬಿಗಿಯಾಗಿ ಬಾಗಿಲು ಮುಚ್ಚಿದ ಮೇಲೇ ಬೆಂಗಳೂರಿನ ಪ್ರೇಕ್ಷಕರು ಸಮಯಕ್ಕೆ ಬರಲು ಕಲಿತದ್ದು.

"ಕ್ಷಮಿಸಿ. ನಾಟಕ ಮುಗಿಯೋಕೆ ಒಂಬತ್ತೂ ಹತ್ತು ಆಗತ್ತೆ. ಆಮೇಲೆ ನಾನೇ ಗ್ರೀನ್ ರೂಮಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೆ ಕೆಳಗೆ ಕೂತಿರಿ, ಏನಾದ್ರೂ ತಿನ್ನಿ."

ಅವನು ಬಯ್ಯುತ್ತಾನೆ. ಬಯ್ಯಲಿ. ಮನುಷ್ಯತ್ವ ಇಲ್ಲವೇನ್ರೀ ಎನ್ನುತ್ತಾನೆ. ಉತ್ತರ ಕೊಡಬೇಡಿ. ಇವನನ್ನು ತಂಗಿಯ ಸಲುವಾಗಿ ಬಿಟ್ಟರೆ ನಾಳೆ ಒಬ್ಬ ಶಾಸಕನನ್ನು ಬಿಡದಿರಲು ನಿಮಗೆ ಯಾವ ಮುಖವೂ ಉಳಿಯುವುದಿಲ್ಲ. ಶಾಸಕನನ್ನು ತಡೆಯುವ ಬಲ ಬರುವುದೇ ಈ ಅಣ್ಣನನ್ನು ತಡೆದದ್ದರಿಂದ. ಇದನ್ನೆಲ್ಲ ಬಾಗಿಲಿನವನಿಗೆ ವಿವರಿಸಬೇಕಿಲ್ಲ. ನೀವು ನಿಮ್ಮ ಮಾತಿಗೆ ನಿಂತಿರಿ ಎಂಬುದನ್ನು ಅವನು ನೋಡಿದ್ದಾನೆ, ನಾಳೆಯಿಂದ ನಿಮ್ಮ ಮುಖ ನೋಡದೆ ಅವನೇ ನಿಭಾಯಿಸುತ್ತಾನೆ.

ನೀವು ದೀಪದ ಕೋಣೆಯ ಹಿಂದಿನಿಂದ ನುಸುಳಿ ನಾಟಕ ನೋಡುತ್ತೀರಿ. 138 ಜನ. ಬದಿಯ ಕುರ್ಚಿಗಳಲ್ಲಿ ಅಲ್ಲಲ್ಲಿ ಕೂತಿದ್ದಾರೆ. ಬೆಳಿಗ್ಗೆ ಮೇಷ್ಟ್ರು ಕೂತಿದ್ದ ಮೂಲೆಯಲ್ಲಿ ಮಧ್ಯವಯಸ್ಸಿನ ದಂಪತಿ. ಹುಡುಗಿ ಈಗ ಓರೆಯಾಗಿಟ್ಟ ಲೆವೆಲ್ ಹತ್ತಿ ಬರುತ್ತಾಳೆ, ಆ ಇಬ್ಬರ ಎದುರಿಗೇ ನಿಂತು ಮಾತಾಡುತ್ತಾಳೆ. ಎಸಿ ಇಳಿಸಿದ್ದರಿಂದ ಅವಳ ಉಸಿರೂ ಕೇಳುತ್ತಿದೆ. ಮಧ್ಯಾಹ್ನ ಬಂದಿದ್ದ ಕಂಪನಿಯವರು ಹಿಂದಿನ ಸಾಲಿನಲ್ಲಿದ್ದಾರೆ, ಫೋನು ಜೇಬಿನಲ್ಲೇ ಇದೆ. ಬ್ಯಾಟರಿ ಪಂಜಿಗೆ ಶಿಳ್ಳೆ ಬೀಳಲಿಲ್ಲ, ಮುಂದಿನ ಸಾಲಿನ ಮಗುವೊಂದು ಮಾತ್ರ ಅಮ್ಮನ ಮಡಿಲಿಗೆ ಜರುಗಿಕೊಂಡಿತು.

ನಾಟಕ ಮುಗಿದ ಮೇಲೆ ಅಣ್ಣನನ್ನು ಕರೆದುಕೊಂಡು ಹೋಗುತ್ತೀರಿ. ತಂಗಿ ಬಣ್ಣ ಒರೆಸಿಕೊಳ್ಳುತ್ತ, "ಲೇಟ್ ಬಂದ್ಯೇನಪಾ? ಅವ್ರು ಬಿಡಂಗಿಲ್ಲಂತ ಮೊದಲ ಹೇಳಿದ್ದೆ ಇಲ್ಲ ನಾ?" ಎಂದು ಅವನಿಗೇ ದಬಾಯಿಸುತ್ತಾಳೆ. ಅವನು ನಿಮ್ಮ ಕಡೆ ನೋಡುವುದಿಲ್ಲ. ಇರಲಿ.

ಹತ್ತೂವರೆ ಹೊತ್ತಿಗೆ ರಂಗ ಖಾಲಿ. 138 ಟಿಕೆಟಿಗೆ 27,600 ರೂಪಾಯಿ. ತಂಡದ ಖರ್ಚು ಕಳೆದರೆ ಕೈಗೆ ಏನೂ ಹತ್ತುವುದಿಲ್ಲ, ಆದರೆ ಕೈಯಿಂದಲೂ ಹೆಚ್ಚು ಹೋಗಿಲ್ಲ. ಮೇಷ್ಟ್ರು ಸಹಿ ಹಾಕಿ, ಮುಂದಿನ ವರ್ಷ ಹೊಸ ನಾಟಕ ತರುವುದಾಗಿ ಹೇಳುತ್ತಾರೆ. ಭಾನುವಾರ ಕೇಳಲೋ ಬೇಡವೋ ಎಂದು ತಡವರಿಸುತ್ತಾರೆ. ನೀವೇ ಕ್ಯಾಲೆಂಡರ್ ತೆಗೆದು ನೋಡೋಣ ಎನ್ನುತ್ತೀರಿ.

ಬೆಂಗಳೂರಿನಲ್ಲಿರುವ, ಆಗೀಗ ಬೆಂಗಳೂರಿಗೆ ಬರುವ ಓದುಗರಲ್ಲಿ ಒಂದು ಮಾತು. ಹೆಸರಾಂತ ನಟರ ಭಾನುವಾರದ ನಾಟಕಕ್ಕೆ ನೀವು ಹೋಗದಿದ್ದರೂ ಕುರ್ಚಿ ತುಂಬುತ್ತದೆ. ಹೆಸರೇ ಕೇಳದ ತಂಡವೊಂದು ಮಂಗಳವಾರವೋ ಬುಧವಾರವೋ ಆಡುತ್ತಿದ್ದರೆ, ಆ ಟಿಕೆಟ್ ಕೊಳ್ಳಿ. ಪಾಸು ಕೇಳಬೇಡಿ. ಸಿಲ್ಕ್ ಬೋರ್ಡ್ ದಾಟಿ ಬರಬೇಕಾದವರು ಐದು ಗಂಟೆಗೇ ಹೊರಡಿ.